ಹದಿನೇಳನೆಯ ಮನೆ

ದಿನಚರಿ ಬರೆಯುವ ಅಭ್ಯಾಸ ನನಗೆ ಪಿಯುಸಿಯಿಂದ ಇದೆ. ಅದರಲ್ಲಿ ಮನಸ್ಸಿನ ವಿಚಾರ ಕಡಿಮೆ, ಲೆಕ್ಕ ಜಾಸ್ತಿ. ಈ ತಿಂಗಳು ಬಸ್ಸು ಎಷ್ಟು ಸಲ ತಪ್ಪಿತು, ನಲ್ಲಿಯಲ್ಲಿ ನೀರು ಎಷ್ಟು ಸಲ ಬರಲಿಲ್ಲ, ಕಂಪ್ಯೂಟರ್ ಕೋಡಿನಲ್ಲಿ ಎಷ್ಟು ತಪ್ಪು ಸಿಕ್ಕಿತು, ಅದರಲ್ಲಿ ನನ್ನವು ಎಷ್ಟು. ನಾಲ್ಕು ಗೀಟು ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆಯುವುದನ್ನು ಅಪ್ಪನಿಂದ ಕಲಿತೆ. ಅವರು ಸರ್ಕಾರಿ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿದ್ದು ನಿವೃತ್ತರಾದವರು. ಕಳೆದ ಆಯುಧಪೂಜೆಯ ನಂತರದ ಪುಟಗಳಲ್ಲಿ ಗೀಟುಗಳು ತುಂಬ ಇವೆ. ಈಗ ತಿರುವಿ ನೋಡಿದರೆ, ಅಷ್ಟು ಎಣಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ ಎಂಬುದು ಮಾತ್ರ ತಿಳಿಯುತ್ತದೆ.

ನಾನು ಕೆಲಸ ಮಾಡುವುದು ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ. ಕೆಳಗೆ ಬೇರೆಯವರ ಲೇತ್ ಶಾಪ್, ಮೇಲಿನ ಮಹಡಿಯಲ್ಲಿ ನಾವು ಹನ್ನೊಂದು ಜನ. ದೊಡ್ಡ ಲೇತ್ ತಿರುಗಲು ಶುರುವಾದರೆ ನನ್ನ ಮೇಜಿನ ಮೇಲಿನ ಲೋಟದ ಕಾಫಿಯಲ್ಲಿ ಉಂಗುರಗಳು ಏಳುತ್ತವೆ. ನಾವು ತಯಾರಿಸುವುದು ಫರ್ನೇಸುಗಳ ಕಂಟ್ರೋಲರ್. ಉಕ್ಕಿನ ಗೇರುಗಳನ್ನು ಕೆಂಪಗೆ ಕಾಯಿಸಿ ಗಟ್ಟಿ ಮಾಡುವ ದೊಡ್ಡ ಒಲೆಗಳಿರುತ್ತವಲ್ಲ, ಅವುಗಳ ಪಕ್ಕದಲ್ಲಿ ಕೂರುವ, ಟಿಫನ್ ಡಬ್ಬಿಯಷ್ಟು ದೊಡ್ಡದಾದ ಪೆಟ್ಟಿಗೆ. ಅದಕ್ಕೆ ಎರಡು ಸಾಲಿನ ಪುಟ್ಟ ಪರದೆ, ನಾಲ್ಕು ಗುಂಡಿ, ಒಂದು ಹಸಿರು ದೀಪ. ಒಲೆ ನೋಡಿಕೊಳ್ಳುವವನು ಮೊದಲು ಎಷ್ಟು ಡಿಗ್ರಿ ಎಂದು ಹಾಕುತ್ತಾನೆ, ಆಮೇಲೆ ಎಷ್ಟು ಹೊತ್ತು ಎಂದು, ಕೊನೆಯಲ್ಲಿ ಆ ಕೆಲಸಕ್ಕೆ ಒಂದು ಹೆಸರು. ಕೆಲಸ ನಡೆಯುವಾಗ ಪರದೆ ತೋರಿಸುವುದು ಹೆಸರು ಮತ್ತು ಉಳಿದ ಹೊತ್ತು ಮಾತ್ರ; ಒಲೆ ಹಾಕಿದ ಡಿಗ್ರಿಗೆ ಬಂದಾಗ ಹಸಿರು ದೀಪ ಹತ್ತುತ್ತದೆ. ಅದರ ಒಳಗಿನ ಕೋಡು ನೋಡಿಕೊಳ್ಳುವವಳು ನಾನು. ಬರೆದವರು ಬೇರೆ. ನಾನು ಸೇರುವ ಮೊದಲೇ ಅವರು ಬಿಟ್ಟು ಹೋಗಿದ್ದರು.

ಫೋನಿನಲ್ಲಿ ಸಾವಿರ ಫೋಟೊ ತುಂಬಿಕೊಂಡು ಓಡಾಡುವವರಿಗೆ ನಮ್ಮ ಪೆಟ್ಟಿಗೆಯ ಬಡತನ ಅರ್ಥವಾಗುವುದು ಕಷ್ಟ. ಅದರ ಮೆಮರಿ ಎಷ್ಟು ಕಡಿಮೆಯೆಂದರೆ ಒಂದೊಂದು ಅಕ್ಷರಕ್ಕೂ ಜಾಗ ಮೊದಲೇ ಅಳೆದು ಕೊಡಬೇಕು. ಹೆಸರಿಗೆ ಕೊಟ್ಟಿರುವುದು ಹದಿನಾರು ಅಕ್ಷರದ ಜಾಗ. ಇದನ್ನು ಬಫರ್ ಎನ್ನುತ್ತೇವೆ. ಅಪ್ಪನಿಗೆ ಒಮ್ಮೆ ವಿವರಿಸುವಾಗ ನಾನು ಅದನ್ನು ವಠಾರ ಎಂದಿದ್ದೆ. ಸಾಲಾಗಿ ಹದಿನಾರು ಮನೆ, ಒಂದು ಮನೆಗೆ ಒಂದು ಅಕ್ಷರ. ಹೆಸರು ಎಲ್ಲಿ ಮುಗಿಯಿತು ಎಂದು ಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲ. ಅದಕ್ಕಾಗಿ ಕೊನೆಯ ಅಕ್ಷರದ ಮುಂದಿನ ಮನೆಯಲ್ಲಿ ಒಂದು ಸೊನ್ನೆ ಕೂರಿಸುತ್ತೇವೆ. ಹಾಗಾಗಿ ಹದಿನಾರು ಮನೆಯಿದ್ದರೂ ಬಾಡಿಗೆಗೆ ಕೊಡಬಹುದಾದದ್ದು ಹದಿನೈದೇ. ಒಂದು ಮನೆ ಯಾವಾಗಲೂ ಸೊನ್ನೆಗೆ.

ಅಪ್ಪ ಕೇಳಿದ್ದರು, ಹದಿನಾರನೇ ಮನೆಗೂ ಅಕ್ಷರ ಬಂದು ಕೂತರೆ ಸೊನ್ನೆ ಎಲ್ಲಿಗೆ ಹೋಗುತ್ತದೆ ಎಂದು. ಹದಿನೇಳನೇ ಮನೆಗೆ ಎಂದೆ. ಅಲ್ಲಿ ಯಾರಿದ್ದಾರೆ ಎಂದರು. ಬೇರೆ ಯಾರೋ ಇರುತ್ತಾರಪ್ಪ, ಸೊನ್ನೆ ಬಾಗಿಲು ಬಡಿಯುವುದಿಲ್ಲ, ನೇರ ಒಳಗೆ ಹೋಗಿ ಇದ್ದವರನ್ನು ಅಳಿಸಿ ಕೂರುತ್ತದೆ ಎಂದು ನಕ್ಕಿದ್ದೆ. ಕಾಲೇಜಿನಲ್ಲಿ ಮೊದಲ ವರ್ಷವೇ ಹೇಳಿಕೊಡುವ ತಪ್ಪು ಇದು. ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತಾರೆ.

ವಿಜಯದಶಮಿಯ ರಜೆ ಮುಗಿದು ಕಚೇರಿಗೆ ಬಂದ ಮೇಲಿನ ಸೋಮವಾರ ಮಾಕಳಿಯ ಕಾರ್ಖಾನೆಯೊಂದರಿಂದ ನಮ್ಮ ಯಜಮಾನರಿಗೆ ಫೋನು ಬಂತು. ಯುಗಾದಿಯ ನಂತರ ಅವರು ತಮ್ಮ ಒಲೆಗೆ ನಮ್ಮ ಪೆಟ್ಟಿಗೆ ಹಾಕಿಸಿಕೊಂಡಿದ್ದರು. ಪೂಜೆಯಾದ ಮೇಲೆ ಕಾಯಿಸಿದ ಮೊದಲ ಲೋಡು ಗೇರು ಮೆತ್ತಗೆ ಉಳಿದಿದೆ, ಪರೀಕ್ಷೆಯಲ್ಲಿ ಒಂದೂ ಗಟ್ಟಿಯಾಗಿ ನಿಂತಿಲ್ಲ, ಪೂರ್ತಿ ಲೋಡು ಗುಜರಿಗೆ ಹೋಗಬೇಕು, ಬಂದು ನೋಡಿ ಎಂದರಂತೆ. ಯಜಮಾನರು ನಮ್ಮ ಟೆಸ್ಟಿಂಗ್ ಹುಡುಗನನ್ನು ಕರೆದುಕೊಂಡು ಹೋದರು. ನಾನು ಹೋಗಲಿಲ್ಲ.

ಅಲ್ಲಿ ಆದದ್ದನ್ನು ಆ ಸಹೋದ್ಯೋಗಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ ಹೇಳಿದ. ಪೆಟ್ಟಿಗೆ ಪ್ರತಿ ಲೋಡಿಗೂ ಒಂದು ದಾಖಲೆ ಇಟ್ಟುಕೊಳ್ಳುತ್ತದೆ: ಎಷ್ಟು ಡಿಗ್ರಿ ಹಾಕಲಾಗಿತ್ತು, ಒಲೆ ಎಷ್ಟು ಮುಟ್ಟಿತು, ಎಷ್ಟು ಹೊತ್ತು. ಜಾಗ ಉಳಿಸಲು ಹೆಸರನ್ನು ಮಾತ್ರ ಇಡುವುದಿಲ್ಲ. ಆ ಲೋಡಿಗೆ ಹಾಕಬೇಕಾಗಿದ್ದದ್ದು 860. ದಾಖಲೆಯಲ್ಲಿ 768 ಎಂದಿತ್ತು. ಒಲೆ ನೋಡಿಕೊಳ್ಳುತ್ತಿದ್ದವನು ಅಲ್ಲೇ ನಿಂತು, ನಾನು ಹಾಕಿದ್ದು ಎಂಟುನೂರ ಅರವತ್ತೇ ಎಂದು ನಾಲ್ಕು ಸಲ ಹೇಳಿದನಂತೆ. ಪೂಜೆಯ ಮರುದಿನ ನಿದ್ದೆಗಣ್ಣಿನಲ್ಲಿ ಬಂದಿದ್ದೆಯಾ, ಕುಡಿದಿದ್ದೆಯಾ ಎಂದು ಅಲ್ಲಿನ ಮ್ಯಾನೇಜರು ಕೇಳಿದರಂತೆ. ಕಂಟ್ರಾಕ್ಟಿನ ಆಳು. ಆವತ್ತೇ ನಾಳೆಯಿಂದ ಬರಬೇಡ ಎಂದರು.

"ಆದ್ರೂ 768 ಯಾರು ಹಾಕ್ತಾರೆ ಗುರು?" ಎಂದ ಸಹೋದ್ಯೋಗಿ, ಅನ್ನ ಕಲಸುತ್ತಾ. "ತಪ್ಪು ಹಾಕಿದ್ರೆ 680 ಹಾಕ್ಬೇಕು, 806 ಹಾಕ್ಬೇಕು. ಇದೇನು, 1024 ಬೈ 768 ಅಂತ ಹಳೇ ಮಾನಿಟರ್ ಸೈಜು ಇದ್ದಂಗಿದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆ ಮೆಟ್ರೋದಲ್ಲಿ ನಿಂತುಕೊಂಡು ಬರುವಾಗ ಆ ಸಂಖ್ಯೆ ಮತ್ತೆ ತಲೆಗೆ ಬಂತು. ಹಳೇ ಮಾನಿಟರಿನ ಅಳತೆ ಮನುಷ್ಯರು ಆರಿಸಿದ್ದಲ್ಲ, ಕಂಪ್ಯೂಟರಿನ ಲೆಕ್ಕದಿಂದ ಬಂದದ್ದು. 768 ಎಂದರೆ ಮೂರು ಸಲ ಇನ್ನೂರೈವತ್ತಾರು. ಬೆರಳಲ್ಲಿ ಎಣಿಸಿದೆ. 860 ಎಂದರೆ ಅದೇ ಮೂರು ಇನ್ನೂರೈವತ್ತಾರು, ಮೇಲೆ ತೊಂಬತ್ತೆರಡು.

ಒಂದು ಮನೆಯಲ್ಲಿ ಇನ್ನೂರೈವತ್ತೈದಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ, ಹಾಗಾಗಿ ನಮ್ಮ ಪೆಟ್ಟಿಗೆಯಲ್ಲಿ ಡಿಗ್ರಿಗೆ ಎರಡು ಮನೆ. ಒಂದರಲ್ಲಿ ಬಿಡಿ, ಇನ್ನೊಂದರಲ್ಲಿ ಇನ್ನೂರೈವತ್ತಾರರ ಕಟ್ಟುಗಳು. 860ಕ್ಕೆ ತೊಂಬತ್ತೆರಡು ಬಿಡಿ, ಮೂರು ಕಟ್ಟು. ಬಿಡಿಯ ಮನೆ ಮೊದಲು ಬರುತ್ತದೆ. ಯಾರೋ ಆ ಮನೆಯನ್ನು ಸೊನ್ನೆ ಮಾಡಿದ್ದರೆ ಉಳಿಯುವುದು ಬರೀ ಮೂರು ಕಟ್ಟು, 768. ಮನುಷ್ಯನ ಬೆರಳು ಇಂಥ ತಪ್ಪು ಮಾಡುವುದಿಲ್ಲ. ಮಾಡಿದ್ದು ಸೊನ್ನೆ. ರಾಜಗೋಪಾಲನಗರಕ್ಕೆ ಹೋಗುವ ಬಸ್ಸನ್ನು ಆವತ್ತು ಬೇಕೆಂದೇ ಬಿಟ್ಟು, ಯೋಚಿಸುತ್ತಾ ನಡೆದುಕೊಂಡೇ ಮನೆಗೆ ಹೋದೆ.

ಮರುದಿನ ಕೋಡು ತೆಗೆದು ನೋಡಿದರೆ ಹಾಗೆಯೇ ಇತ್ತು. ಹೆಸರಿನ ಹದಿನಾರು ಮನೆ ಮುಗಿದ ಕೂಡಲೇ ಡಿಗ್ರಿಯ ಮನೆ. ಗುಂಡಿ ಒತ್ತಿ ಹೆಸರು ಹಾಕುವ ಭಾಗ ಹದಿನೈದಕ್ಕೆ ನಿಲ್ಲಬೇಕಿತ್ತು, ಹದಿನಾರರವರೆಗೂ ಬಿಡುತ್ತಿತ್ತು. ಪರೀಕ್ಷೆಗೆ ಒಂದು ಪೆಟ್ಟಿಗೆ ಮೇಜಿನ ಮೇಲಿಟ್ಟು, 860 ಹಾಕಿ, ಒಂದಕ್ಷರದ ಹೆಸರಿನಿಂದ ಶುರು ಮಾಡಿದೆ. ಎರಡು, ಮೂರು, ನಾಲ್ಕು. ಪ್ರತಿಯೊಂದಕ್ಕೂ ದಿನಚರಿಯಲ್ಲಿ ಒಂದು ಗೀಟು. ಹದಿನೈದರವರೆಗೆ 860 ಅಲುಗಾಡಲಿಲ್ಲ. ಹದಿನಾರನೇ ಅಕ್ಷರ ಹಾಕಿ ಸರಿ ಎಂಬ ಗುಂಡಿ ಒತ್ತಿ ಹಿಂದಕ್ಕೆ ಹೋಗಿ ನೋಡಿದೆ. 768.

ಆ ಕ್ಷಣ ನನಗಾದದ್ದು ಸಂತೋಷ. ಅದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ. ಮುಖ ನೋಡದ ಒಬ್ಬ ಮನುಷ್ಯನ ಕೆಲಸ ನನ್ನ ಕೈಯಲ್ಲಿ ವಾಪಸು ಬಂದಿದೆ ಎಂದುಕೊಂಡೆ. ಪೆಟ್ಟಿಗೆಯನ್ನು ಹಾಗೇ ಎತ್ತಿಕೊಂಡು ಯಜಮಾನರ ಕೋಣೆಗೆ ಹೋದೆ.

ಯಜಮಾನರು ಕೆಟ್ಟವರಲ್ಲ. ಕನ್ನಡಕ ಹಾಕಿಕೊಂಡು ಎರಡು ಸಲ ಮಾಡಿಸಿ ನೋಡಿದರು. ತಪ್ಪು ನಮ್ಮದೇ ಎಂದು ಒಪ್ಪಿದರು. ಆಮೇಲೆ ಬೆರಳು ಮಡಿಸುತ್ತಾ ಲೆಕ್ಕ ಹಾಕಿದರು. ಮಾಕಳಿಯವರು ಹೆಸರಿನ ಜಾಗದಲ್ಲಿ ಹಾಕುವುದು ಕೆಲಸದ ನಂಬರು. ಅದು ಹನ್ನೆರಡು ಅಕ್ಷರ, ಹೆಚ್ಚಿಲ್ಲ, ಕಡಿಮೆಯಿಲ್ಲ. "ಹನ್ನೆರಡಕ್ಕೆ ಏನೂ ಆಗಲ್ಲ ಅಂತ ನೀನೇ ತೋರಿಸ್ತಿದೀಯ. ಇನ್ನು ನಾಲ್ಕು ಅಕ್ಷರ ಎಲ್ಲಿಂದ ಬಂತಮ್ಮ?" ಎಂದರು.

ಪೆಟ್ಟಿಗೆ ಎತ್ತಿಕೊಂಡು ನನ್ನ ಮೇಜಿಗೆ ವಾಪಸು ಬಂದೆ. ಪೆಟ್ಟಿಗೆಯ ಗುಂಡಿಗಳಲ್ಲಿ ಅಕ್ಷರ ಹಾಕುವುದು ಸುಲಭವಲ್ಲ. ಮೇಲಿನ ಬಾಣ ಒತ್ತುತ್ತಾ ಹೋದರೆ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ತಿರುಗುತ್ತವೆ. ಬೇಕಾದದ್ದು ಬಂದಾಗ ನಿಲ್ಲಿಸಿ ಮುಂದಕ್ಕೆ ಹೋಗಬೇಕು. ಯಾರೂ ತಮಾಷೆಗೆ ನಾಲ್ಕು ಅಕ್ಷರ ಹೆಚ್ಚು ಹಾಕುವುದಿಲ್ಲ. ನಂಬರಿನ ಹಿಂದೆ ತಾರೀಖು ಹಾಕಿರಬಹುದೇ, ಪಾಳಿಯ ಗುರುತು ಹಾಕಿರಬಹುದೇ ಎಂದು ಊಹಿಸಿ ಬರೆದುಕೊಂಡೆ. ಊಹೆಗಳಿಗೂ ಗೀಟು ಹಾಕಿದೆ. ಕೊನೆಗೆ, ಹೋಗಿ ಕೇಳುವುದೇ ಸರಿಯೆಂದು ಗುರುವಾರ ತುಮಕೂರು ರಸ್ತೆಯ ಬಸ್ಸು ಹಿಡಿದು ಮಾಕಳಿಗೆ ಹೋದೆ.

ಆ ಒಲೆಗೆ ಪೂಜೆಯ ಕುಂಕುಮ ಇನ್ನೂ ಇತ್ತು. ನಮ್ಮ ಪೆಟ್ಟಿಗೆಯ ನೆತ್ತಿಯ ಮೇಲೂ ವಿಭೂತಿಯ ಮೂರು ಗೆರೆ, ಕುಂಕುಮದ ಬೊಟ್ಟು ಇದ್ದವು; ತಂತಿಗೆ ಸಿಕ್ಕಿಸಿದ ಚೆಂಡುಹೂ ಒಣಗಿ ಕಂದಾಗಿತ್ತು. ಹೊಸ ಆಪರೇಟರ್ ನನ್ನ ಕಡೆ ನೋಡದೆ ಅವನ ಕೆಲಸದಲ್ಲಿದ್ದ. ಗೇರುಗಳನ್ನು ಟ್ರೇಗೆ ಜೋಡಿಸುವ ಹೆಂಗಸು ಒಬ್ಬರಿದ್ದರು, ಅದೇ ಊರಿನವರು. ಆವತ್ತು ಅವರೇ ಟ್ರೇ ಕೊಟ್ಟಿದ್ದಂತೆ. ಅಕ್ಕ, ಆ ದಿನ ಅವರು ಡಬ್ಬಿಯಲ್ಲಿ ನಂಬರು ಹಾಕಿದ್ದನ್ನು ನೋಡಿದಿರಾ, ನಂಬರಿನ ಜೊತೆ ಬೇರೆ ಏನಾದರೂ ಒತ್ತಿದರಾ ಎಂದು ಕೇಳಿದೆ. ನಾನು ಏನೋ ಕೇಳಬಾರದ್ದನ್ನು ಕೇಳಿದೆನೇನೋ ಎಂಬಂತೆ ಅವರು ನನ್ನನ್ನು ನೋಡಿದರು.

"ಪೂಜೆ ಆದ್ಮ್ಯಾಕೆ ಮೊದಲ್ನೇ ಲೋಡು ಅಲ್ವಾ ಮೇಡಂ? ಮುಂಚೆ ಒಲೆ ಬಾಗಿಲ ಮ್ಯಾಲೆ ಸೀಮೆಸುಣ್ಣದಾಗೆ ಶ್ರೀ ಅಂತ ಬರ್ಯೋರು. ಈ ಸಲ ಡಬ್ಬಿ ಬಂತಲ್ಲ, ಅದ್ರಾಗೇ ಒತ್ತುದ್ರು. ಶ್ರೀ ಆಕ್ದೆ ಅಂಗೇ ಶುರು ಮಾಡಾಕಾಯ್ತದಾ?"

ಎಸ್, ಆರ್, ಐ. ಆಮೇಲೆ ಒಂದು ಖಾಲಿ ಜಾಗ. ಆಮೇಲೆ ಹನ್ನೆರಡು.

ನನ್ನ ಪ್ರತಿ ವರ್ಷದ ದಿನಚರಿಯ ಮೊದಲ ಪುಟದ ನೆತ್ತಿಯಲ್ಲಿ ಶ್ರೀ ಇದೆ. ಅಪ್ಪ ತರಕಾರಿ ಚೀಟಿಯ ಮೇಲೂ ಬರೆಯುತ್ತಾರೆ. ಆಯುಧಪೂಜೆಯ ದಿನ ನಮ್ಮ ಕಚೇರಿಯಲ್ಲಿ ಆ ಪೆಟ್ಟಿಗೆಗಳ ಸಾಲಿಗೆ ಕುಂಕುಮ ಇಟ್ಟವಳೂ ನಾನೇ. ಊಹೆಗಳ ಅಷ್ಟು ಗೀಟುಗಳಲ್ಲಿ ಇದೊಂದು ಇರಲಿಲ್ಲ. ಬಸ್ ಸ್ಟಾಪಿನಲ್ಲಿ ನಿಂತು ಸಹೋದ್ಯೋಗಿಗೆ ಫೋನಿನಲ್ಲಿ ಹೇಳಿದಾಗ ಅವನು, ದೇವರಿಗೂ ಲಿಮಿಟ್ ಇಟ್ಟಿದೀವಲ್ಲ ಮಗಾ ಎಂದ. ಈ ಸಲ ಇಬ್ಬರೂ ನಗಲಿಲ್ಲ.

ಆ ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ. ಇನ್ನೇನು, ಆ ಮನುಷ್ಯನನ್ನು ವಾಪಸು ತೆಗೆದುಕೊಳ್ಳಲೇಬೇಕು ಎಂದೆ. ಅಪ್ಪ ತಮ್ಮ ಕಾರ್ಖಾನೆಯ ರೀತಿ ಹೇಳಿದರು. ಅಲ್ಲಿ ಒಬ್ಬನ ಮೇಲೆ ತಪ್ಪು ಹೊರಿಸಿದರೆ ಮೊದಲು ಚಾರ್ಜ್‌ಶೀಟ್, ಆಮೇಲೆ ವಿಚಾರಣೆ, ಅವನ ಕಡೆಯಿಂದ ಯೂನಿಯನ್ನಿನವರು. ವರ್ಷಗಟ್ಟಲೆ ಎಳೆದರೂ ಎಲ್ಲ ಕಾಗದದ ಮೇಲೆ.

"ಇವನಿಗೆ ಕಾಗದ ಏನಾದ್ರೂ ಕೊಟ್ಟಿದಾರಾ?" ಎಂದು ಕೇಳಿದರು.

"ಇಲ್ಲಪ್ಪ. ಬರಬೇಡ ಅಂದಿದಾರೆ, ಅಷ್ಟೆ."

ಅಪ್ಪ ಪತ್ರಿಕೆ ಮಡಿಸಿಟ್ಟರು. "ಹಂಗಾದ್ರೆ ವಾಪಸ್ ತಗೊಳ್ಳೋಕೂ ಏನೂ ಇಲ್ಲ ಪುಟ್ಟಿ. ಅವರು ಕಳಿಸೇ ಇಲ್ಲವಲ್ಲ."

ಮರುವಾರ ಯಜಮಾನರು ನನ್ನನ್ನು ಕರೆದುಕೊಂಡು ಮಾಕಳಿಯ ಮ್ಯಾನೇಜರ ಹತ್ತಿರ ಹೋದರು. ಮುಚ್ಚಿಡಬಹುದಿತ್ತು. ಇದು ಹೊರಗೆ ಗೊತ್ತಾದರೆ ಪೀಣ್ಯದ ಎಲ್ಲ ಒಲೆಗಳಿಂದ ನಮ್ಮ ಡಬ್ಬಿ ಕಿತ್ತು ಹಾಕುತ್ತಾರೆ, ಹನ್ನೊಂದು ಮನೆಯ ಅನ್ನ ಎಂದು ಕಾರಿನಲ್ಲಿ ಒಮ್ಮೆ ಹೇಳಿದರು, ಆದರೂ ಕಾರು ತಿರುಗಿಸಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಈಗಲೂ ಗೌರವವಿದೆ. ಮ್ಯಾನೇಜರ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು ನಾನು ತೋರಿಸಿದೆ. ಹನ್ನೆರಡು ಅಕ್ಷರ, 860. ಶ್ರೀ ಸೇರಿಸಿ ಹದಿನಾರು, 768. ಯಜಮಾನರು ತಪ್ಪು ನಮ್ಮದು ಎಂದು ಸ್ಪಷ್ಟವಾಗಿಯೇ ಹೇಳಿದರು.

ಮ್ಯಾನೇಜರು ಗಮನವಿಟ್ಟು ನೋಡಿದರು. ಆಮೇಲೆ ಅಲಮಾರಿಯಿಂದ ಪೆಟ್ಟಿಗೆಯ ಜೊತೆ ನಾವೇ ಕೊಟ್ಟಿದ್ದ ಕೈಪಿಡಿ ತೆಗೆದು ಪುಟ ತಿರುವಿದರು. ಹೆಸರಿನ ಬಗ್ಗೆ ಅಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲಿತ್ತು: ಹೆಚ್ಚೆಂದರೆ ಹದಿನೈದು ಅಕ್ಷರ. ಬರೆದವರಿಗೆ ಮಿತಿ ಗೊತ್ತಿತ್ತು. ಕೋಡಿನಲ್ಲಿ ಹಾಕಬೇಕಾದ ಬೇಲಿಯನ್ನು ಕೈಪಿಡಿಯಲ್ಲಿ ಹಾಕಿ ಹೋಗಿದ್ದರು. ಆ ಸಾಲನ್ನು ನಾನೂ ಓದಿದ್ದೆ, ಅದು ಯಾರ ಕೈಗೆ ಆಯುಧವಾಗಬಹುದೆಂದು ಯೋಚಿಸಿರಲಿಲ್ಲ.

"ಹದಿನೈದು ಅಂತ ನೀವೇ ಬರ್ದಿದೀರಲ್ಲ ಸಾರ್. ಅವನ್ಯಾಕೆ ಹದಿನಾರು ಹಾಕ್ದ?"

ನಾನು ಬಾಯಿ ಹಾಕಿದೆ. ಕೈಪಿಡಿ ಒಲೆಯ ಹತ್ತಿರ ಇರಲಿಲ್ಲ, ಇದ್ದರೂ ಆ ಆಪರೇಟರ್ ಇಂಗ್ಲಿಷ್ ಪುಸ್ತಕ ಓದುವವರಲ್ಲ, ಹದಿನಾರನೇ ಅಕ್ಷರಕ್ಕೆ ಪೆಟ್ಟಿಗೆಯೇ ಬೇಡ ಎನ್ನಬೇಕಿತ್ತು, ಎನ್ನಲಿಲ್ಲ ಎಂದೆ. ಮ್ಯಾನೇಜರು ಕೋಪಿಸಿಕೊಳ್ಳಲಿಲ್ಲ. ಅದು ಬೇರೆ, ಅದನ್ನು ನೀವು ಸರಿ ಮಾಡಿಕೊಡಿ ಎಂದರು. ಗೇರು ಕೊಂಡುಕೊಳ್ಳುವ ದೊಡ್ಡ ಕಂಪನಿಯವರಿಗೆ ಅವರು ಆಗಲೇ ವಿವರಣೆ ಕಳಿಸಿಯಾಗಿತ್ತು. ತಪ್ಪಿಗೆ ಕಾರಣ ಆಪರೇಟರ್, ಕೈಗೊಂಡ ಕ್ರಮ ಆಪರೇಟರ್ ಬದಲಾವಣೆ. ಅದನ್ನು ಆ ಕಂಪನಿಯವರು ಒಪ್ಪಿ ಮುಚ್ಚಿದ್ದೂ ಆಗಿತ್ತು. ಈಗ ಮತ್ತೆ ತೆಗೆದು, ಅದಲ್ಲ ಇದು ಎಂದರೆ ಮೂರು ತಿಂಗಳು ಅವರ ಪರಿಶೀಲನೆ. ಮೇಲಾಗಿ ಈಗಲೂ ಕಾರಣ ಅವನೇ ತಾನೆ? ಹೇಳಿದ್ದಕ್ಕಿಂತ ಹೆಚ್ಚು ಅಕ್ಷರ ಹಾಕಿದ್ದು ಅವನು. ಯಜಮಾನರು ಮುಂದಿದ್ದ ಟೀ ಕುಡಿದರು.

ನಾವು ತಂದ ಸತ್ಯವನ್ನು ಅವರು ಅಲ್ಲಗಳೆಯಲೇ ಇಲ್ಲ. ಅಲ್ಲಗಳೆದಿದ್ದರೆ ಜಗಳವಾಡಬಹುದಿತ್ತು. ಒಪ್ಪಿಕೊಂಡು, ಅದಕ್ಕೆ ಆ ಮನುಷ್ಯನ ತಪ್ಪಿನ ಪಕ್ಕದಲ್ಲೇ ಒಂದು ಜಾಗ ಕೊಟ್ಟು ಕೂರಿಸಿದರು.

ಕೋಡು ಸರಿಮಾಡಲು ಒಂದು ಅಂಕಿ ಬದಲಿಸಬೇಕಿತ್ತು, ಹದಿನಾರು ಇದ್ದಲ್ಲಿ ಹದಿನೈದು. ಇನ್ನೊಂದು ಮನೆ ಕಟ್ಟಲು ಮೆಮರಿಯಲ್ಲಿ ಜಾಗವಿರಲಿಲ್ಲ. ಪರೀಕ್ಷೆಗಳನ್ನು ಮತ್ತೆ ಒಂದರಿಂದ ಮಾಡಿದೆ. ಹದಿನಾರನೇ ಅಕ್ಷರಕ್ಕೆ ಪೆಟ್ಟಿಗೆ ಈಗ ಕೀರ್ ಎಂದು ಸದ್ದು ಮಾಡಿ ನಿಲ್ಲುತ್ತದೆ. ದೀಪಾವಳಿ ಮುಗಿದ ಮೇಲೆ ಮಾಕಳಿಗೆ ಹೋಗಿ ಹೊಸ ಕೋಡು ಹಾಕಿದೆ. ಶ್ರೀ ಮತ್ತು ನಂಬರಿನ ನಡುವೆ ಜಾಗ ಬಿಡದೆ ಬರೆದರೆ ಸರಿಯಾಗಿ ಹದಿನೈದಾಗುತ್ತದೆ ಎಂದು ಎಣಿಸಿಕೊಂಡು ಹೋಗಿದ್ದೆ. ಇನ್ನು ಮೇಲೆ ಹೀಗೆ ಹಾಕಬಹುದು, ಏನೂ ಆಗುವುದಿಲ್ಲ ಎಂದು ಹೊಸ ಆಪರೇಟರಿಗೆ ಹೇಳಿದೆ. ಅವನು ಪೆಟ್ಟಿಗೆಯ ಮೇಲೆ ಅಂಟಿಸಿದ್ದ ಕಾಗದ ತೋರಿಸಿದ. ಕೆಲಸದ ನಂಬರು ಬಿಟ್ಟು ಬೇರೆ ಯಾವ ಅಕ್ಷರವನ್ನೂ ಹಾಕಕೂಡದು, ಹಾಕಿದವರ ಮೇಲೆ ಕ್ರಮ. ಇದನ್ನು ಮಾತ್ರ ಕನ್ನಡದಲ್ಲಿ ಬರೆದಿದ್ದರು. ಹೂವನ್ನು ತೆಗೆದಿದ್ದರು. ಕುಂಕುಮವನ್ನೂ ಒರೆಸಿದ್ದರು.

ಟ್ರೇ ಜೋಡಿಸುವ ಅಕ್ಕ ಈ ಸಲ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಕೆಲಸ ಕಳೆದುಕೊಂಡವನ ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ಹೇಳಿದರು. ರಾಜಗೋಪಾಲನಗರದಲ್ಲೇ, ನನ್ನ ಮನೆಯಿಂದ ಎರಡು ಸ್ಟಾಪು.

ಭಾನುವಾರ ಮಧ್ಯಾಹ್ನ ಹೋದೆ. ಮಾಲೀಕರ ಮೂರು ಮಹಡಿಯ ಹಿಂದೆ ಶೀಟು ಹೊದಿಸಿದ ಸಾಲುಮನೆಗಳು, ಅವನದು ಕೊನೆಯದು. ನಲವತ್ತರ ಆಸುಪಾಸಿನ ಮನುಷ್ಯ. ನನ್ನನ್ನು ಅವನು ಎಂದೂ ನೋಡಿರಲಿಲ್ಲ. ಆ ಡಬ್ಬಿ ಮಾಡುವ ಕಡೆಯಿಂದ ಬಂದಿದ್ದೇನೆ ಎಂದಾಗ ಎದ್ದು ಕುರ್ಚಿ ಒರೆಸಿ ಕೊಟ್ಟ. ಒಂಬತ್ತು ವರ್ಷ ಒಲೆಯ ಮುಂದೆ ಇದ್ದವನು. ಈಗ ತುಮಕೂರು ರಸ್ತೆಯ ಟ್ರಾನ್ಸ್‌ಪೋರ್ಟ್ ಗೋಡೌನಿನಲ್ಲಿ ಮೂಟೆ ಇಳಿಸುತ್ತಿದ್ದ. ಬೇರೆ ಒಲೆಗಳಲ್ಲಿ ಕೇಳಿ ನೋಡಿದ್ದ. ಒಲೆಯ ಕೆಲಸದವರು ಒಬ್ಬರಿಗೊಬ್ಬರು ಗೊತ್ತು, ಅಲ್ಲಿ ಯಾಕೆ ಬಿಟ್ಟೆ ಎಂಬ ಪ್ರಶ್ನೆಗೆ ಮೊದಲೇ ಉತ್ತರ ಹೋಗಿ ಕೂತಿರುತ್ತಿತ್ತು. ಭುಜಕ್ಕೆ ನೋವಿನ ಎಣ್ಣೆ ಹಚ್ಚಿಕೊಂಡಿದ್ದ, ಅದರ ವಾಸನೆ ಆ ಸಣ್ಣ ಕೋಣೆ ತುಂಬ ಇತ್ತು.

ನಾನು ಹೇಳಬೇಕೆಂದು ಹೋದದ್ದನ್ನು ಹೇಳಿದೆ. ನೀವು ಹಾಕಿದ್ದು ಎಂಟುನೂರ ಅರವತ್ತೇ, ಯಂತ್ರ ಅದನ್ನು ಅಳಿಸಿತು, ತಪ್ಪು ಪೆಟ್ಟಿಗೆಯದು, ನಿಮ್ಮ ಮ್ಯಾನೇಜರಿಗೂ ತೋರಿಸಿದ್ದೇವೆ. ಅವನು ಮುಖ ಎತ್ತಿ ನನ್ನನ್ನು ನೋಡಿದ. ಆಮೇಲೆ ಒಳಗೆ ಅಡುಗೆಯ ಕಡೆ ಇದ್ದ ಹೆಂಡತಿಯನ್ನು ಕರೆದ.

"ಇವ್ಳಿಗೆ ಒಂದ್ಸಲ ಹೇಳಿ ಮೇಡಂ. ನಾನು ಎಂಟುನೂರ ಅರವತ್ತೇ ಹಾಕಿದ್ದು ಅಂತ. ನಾನು ಹೇಳುದ್ರೆ ನಂಬ್ತಾಳೆ, ಆದ್ರೂ ನೀವು ಹೇಳಿ."

ಆಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಾಗಿಲಿನಲ್ಲಿ ನಿಂತರು. ನಾನು ಹೇಳಿದೆ. ನಿಮ್ಮ ಯಜಮಾನರು ಸರಿಯಾಗಿಯೇ ಹಾಕಿದ್ದರು. ಆಕೆ ತಲೆಯಾಡಿಸಿದರು. ಗಂಡನ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ಆಮೇಲೆ ಶ್ರೀ ಬರ್ದಿದ್ದಕ್ಕೇ ಎಲ್ಲಾ ಕೆಟ್ಟೋಯ್ತಂತೆ. ಅಲ್ಲಿ ಕೆಲ್ಸದೋರು ಹೇಳ್ತಾವ್ರೆ. ಔದಾ ಮೇಡಂ?" ಎಂದು ಅವನು ಕೇಳಿದ.

ನಾನು ಸೊನ್ನೆಯ ವಿಚಾರ ಶುರು ಮಾಡಿದೆ. ಹದಿನಾರು ಮನೆ, ಒಂದು ಮನೆ ಖಾಲಿ ಬಿಡಬೇಕು, ಬಿಡದಿದ್ದರೆ ಪಕ್ಕದ ಮನೆಗೆ ಹೋಗುತ್ತದೆ, ಅದನ್ನು ತಡೆಯಬೇಕಾದದ್ದು ನಮ್ಮ ಕೆಲಸ ಎಂದೆ. ಬೇರೆ ಯಾವ ನಾಲ್ಕು ಅಕ್ಷರ ಹಾಕಿದ್ದರೂ ಹೀಗೇ ಆಗುತ್ತಿತ್ತು ಎಂದೆ. ಅಪ್ಪನಿಗೆ ಹೇಳಿದ್ದಕ್ಕಿಂತ ಚೆನ್ನಾಗಿಯೇ ಹೇಳಿದೆ. ಗಂಡ ಹೆಂಡತಿ ಇಬ್ಬರೂ ಕೊನೆಯವರೆಗೆ ಕೇಳಿದರು.

"ಅಂಗಾದ್ರೆ ಬರೀದೇ ಇದ್ದಿದ್ರೆ ಸರಿಯಾಗಿರೋದು," ಎಂದ ಅವನು. ಆರೋಪವಿರಲಿಲ್ಲ ಆ ಮಾತಿನಲ್ಲಿ, ಅವನು ಲೆಕ್ಕ ಸರಿಯಾಗಿದೆಯೇ ಎಂದು ನೋಡುತ್ತಿದ್ದ.

ಸರಿಯಾಗಿತ್ತು. ಹೌದು ಎಂದೆ.

ಆಕೆ ಬಾಗಿಲ ಚೌಕಟ್ಟಿಗೆ ಒರಗಿದರು. ಹೊಸ ಡಬ್ಬಿಯ ಜೊತೆ ಒಲೆಗೂ ಹೊಸ ಬಣ್ಣ ಹೊಡೆದಿದ್ದಾರೆ, ಒಲೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಬೈಯುತ್ತಾರೇನೋ ಎಂದು ಆ ಬೆಳಿಗ್ಗೆ ಅವನು ಹೇಳಿದ್ದನಂತೆ. ಈ ವರ್ಷ ಬೇಡ ಬಿಡು ಎಂದಿದ್ದನಂತೆ.

"ನಾನೇ ಏಳಿದ್ದು," ಎಂದರು ಆಕೆ. "ಬಾಗಿಲ ಮ್ಯಾಲೆ ಬ್ಯಾಡ ಅಂದ್ರೆ ಡಬ್ಬೀಲಾದ್ರೂ ಬರ್ದು ಶುರು ಮಾಡಿ, ಬರೀ ಕೈಲಿ ಶುರು ಮಾಡ್ಬ್ಯಾಡಿ ಅಂತ. ಬುತ್ತಿ ಕಟ್ಟಿಕೊಡ್ತಾ ಏಳ್ದೆ."

ಅವನು, ಸುಮ್ನಿರೇ, ನೀನೇನ್ ಮಾಡ್ದೆ ಎಂದ. ಆಕೆಯ ಮುಖದಲ್ಲಿ ಐದು ನಿಮಿಷದ ಹಿಂದೆ ಇಲ್ಲದ್ದು ಏನೋ ಬಂದು ಕೂತಿತ್ತು. ಅದು ಬಂದದ್ದು ನನ್ನಿಂದ. ಅಲ್ಲಿಯವರೆಗೆ ಆ ಮನೆಯಲ್ಲಿ ಒಬ್ಬರ ಮೇಲೆ ಮಾತ್ರ ತಪ್ಪು ಇತ್ತು, ಅದೂ ಬೇರೆಯವರು ಹೊರಿಸಿದ ಸುಳ್ಳು ತಪ್ಪು. ನಾನು ಹೋಗಿ ಅದನ್ನು ಅವನ ಮೇಲಿಂದ ತೆಗೆದೆ, ಇಡಲು ಬೇರೆ ಜಾಗವಿರಲಿಲ್ಲ.

ಕಾಫಿ ಕುಡಿದು ಹೋಗಿ ಎಂದು ಅವನು ಬಲವಂತ ಮಾಡಿದ. ಆಕೆ ಒಳಗೆ ಹೋಗಿ ಮಾಡಿ ತಂದರು. ಲೋಟ ಕೊಡುವಾಗ, ನೀವೇ ಬಂದು ಹೇಳಿದ್ದು ಒಳ್ಳೇದಾಯ್ತು ಮೇಡಂ ಎಂದರು. ನಿಜವಾಗಿ ಹಾಗೆಂದೇ ಹೇಳಿದರು, ಚುಚ್ಚುಮಾತಲ್ಲ. ಕೆಲಸ ಎಲ್ಲಾದರೂ ಖಾಲಿ ಇದ್ದರೆ ತಿಳಿಸಿ ಎಂದು ಅವನು ತನ್ನ ನಂಬರು ಕೊಟ್ಟ. ಆಮೇಲೆ ನಮ್ಮ ಪೆಟ್ಟಿಗೆ ಇರುವ ಒಲೆಗಳಿಗೆ ಒಂದೊಂದಾಗಿ ಫೋನು ಮಾಡಿ ಕೇಳುತ್ತಿದ್ದೇನೆ. ಓ ಅವನಾ, ಆ ಶ್ರೀ ಹಾಕಿದವನಾ ಎಂದವರೇ ಹೆಚ್ಚು. ಇನ್ನು ಎರಡು ಒಲೆ ಉಳಿದಿವೆ.

ಆ ಭಾನುವಾರ ಅಲ್ಲಿಂದ ಹೊರಟಾಗ ಆಕೆ ಬಾಗಿಲವರೆಗೂ ಬಂದರು. ಹೊಸ್ತಿಲಿನ ಮುಂದೆ ಹಳೆಯ ರಂಗೋಲಿಯ ಮಾಸಿದ ಗೆರೆಗಳಿದ್ದವು, ನಡುವೆ ಒಂದು ಶ್ರೀ; ಬೆಳಗಿನ ರಂಗೋಲಿ ಇರಲಿಲ್ಲ. ಅಕ್ಕಪಕ್ಕದ ಮನೆಗಳ ಮುಂದೆಲ್ಲ ಇತ್ತು. ನೋಡಿ ಮುಂದೆ ನಡೆದೆ.